ಹೋದವರ ಸ್ಥಾನದಲ್ಲಿ

ಕೆಲವು ವರ್ಷಗಳ ಹಿಂದೆ ನನ್ನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿದ್ದ ತರುಣನೊಬ್ಬನು ಮೊನ್ನೆ ಸಂಜೆ ಮನೆಗೆ ಬಂದು, ಐರ್ಲೆಂಡ್ ದೇಶದ ಆಸ್ಪತ್ರೆಯೊಂದು ತನಗೆ ಕಳುಹಿಸಿದ್ದ ನೇಮಕಾತಿಯ ಕರಾರುಪತ್ರವನ್ನು ಮೇಜಿನ ಮೇಲಿರಿಸಿ, ‘ಸಾರ್, ನೀವು ಅಲ್ಲಿ ಕೆಲ್ಸ ಮಾಡಿ ಬಂದೋರು. ಸೈನ್ ಹಾಕೋಕೆ ಮುಂಚೆ ಒಂದ್ಸಲ ಓದಿ ಹೇಳಿ’ ಎಂದನು. ಹಾಳೆಗಳನ್ನು ಒಂದೊಂದಾಗಿ ಮಗುಚುತ್ತಿದ್ದ ನನ್ನ ದೃಷ್ಟಿ, ವಾರದ ಕೆಲಸದ ಅವಧಿ 39 ಗಂಟೆಗಳು ಎಂಬ ಸಾಲಿಗೆ ಬಂದು ಅಲ್ಲಿಯೇ ನಿಂತುಬಿಟ್ಟಿತು. ಅದೇ ಅಂಕಿಯನ್ನು 2011ನೆಯ ಇಸವಿಯಲ್ಲಿ ನಾನೂ ಅಂಥದೇ ಕಾಗದದ ಮೇಲೆ ಓದಿ, ಇಷ್ಟು ಮಿತವಾದ ದುಡಿಮೆಯೂ ವೈದ್ಯನಿಗೆ ಲೋಕದಲ್ಲಿ ಉಂಟೆ ಎಂದು ಹಿಗ್ಗಿದ್ದೆನು. ಆತನಿಗೆ ಹೇಳಬೇಕೆಂದು ತೋರಿದುದನ್ನೆಲ್ಲ ಹೇಳಿ ಕಳುಹಿಸಿದೆನಾದರೂ, ಹೇಳಿದುದಕ್ಕಿಂತ ಹೇಳದೆ ಉಳಿದುದೇ ಹೆಚ್ಚೆಂಬ ಭಾವನೆ ಆ ರಾತ್ರಿಯೆಲ್ಲ ನನ್ನನ್ನು ಬಿಡಲಿಲ್ಲ.

ಆ ಕಾಲದಲ್ಲಿ ಐರ್ಲೆಂಡ್ ದೊಡ್ಡ ಸಂಕಟಕ್ಕೆ ಸಿಕ್ಕಿತ್ತು. 2008ರಲ್ಲಿ ಅಲ್ಲಿಯ ಬ್ಯಾಂಕುಗಳು ಕುಸಿದುಬಿದ್ದು, 2010ರ ನವೆಂಬರಿನಲ್ಲಿ ಸರ್ಕಾರವು ಯೂರೋಪಿನ ಒಕ್ಕೂಟಕ್ಕೂ ಅಂತರರಾಷ್ಟ್ರೀಯ ಹಣಕಾಸು ನಿಧಿಗೂ ಸಾಲಕ್ಕೆ ಕೈಯೊಡ್ಡಬೇಕಾಯಿತು; ಅದಕ್ಕೂ ಮೊದಲೇ, 2009ರಿಂದ, ಸರ್ಕಾರಿ ಹುದ್ದೆಗಳ ಭರ್ತಿಯನ್ನು ತಡೆಹಿಡಿದು ಇದ್ದವರ ಸಂಬಳವನ್ನೂ ಇಳಿಸಲಾಗಿತ್ತು. ಆ ದೇಶದ ಕಿರಿಯ ವೈದ್ಯರು ಜನವರಿಯಲ್ಲೊಮ್ಮೆ ಜುಲೈಯಲ್ಲೊಮ್ಮೆ ಆಸ್ಪತ್ರೆಯಿಂದ ಆಸ್ಪತ್ರೆಗೆ ವರ್ಗವಾಗುವುದು ವಾಡಿಕೆ. 2011ರ ಜುಲೈ ಸಮೀಪಿಸಿದಾಗ, ಹಳಬರು ತೆರವು ಮಾಡುವ ನೂರಾರು ಸ್ಥಾನಗಳಿಗೆ ಹೊಸಬರು ಬರುವವರಿಲ್ಲವೆಂಬುದು ಸ್ಪಷ್ಟವಾಗಿ, ಸರ್ಕಾರಿ ಆಸ್ಪತ್ರೆಗಳನ್ನೆಲ್ಲ ನಡೆಸುವ ಎಚ್.ಎಸ್.ಇ. ಎಂಬ ಸಂಸ್ಥೆಯು ಭಾರತಕ್ಕೂ ಪಾಕಿಸ್ತಾನಕ್ಕೂ ತನ್ನವರನ್ನು ಕಳುಹಿಸಿ ವೈದ್ಯರನ್ನು ಆರಿಸಿತು. ನಮ್ಮನ್ನು ನೋಂದಾಯಿಸಿಕೊಳ್ಳುವುದಕ್ಕೆ ಅನುವಾಗುವಂತೆ ಅಲ್ಲಿಯ ಸಂಸತ್ತು ಆ ಬೇಸಿಗೆಯಲ್ಲಿಯೇ ವೈದ್ಯರ ಕಾಯಿದೆಯನ್ನು ತಿದ್ದಿ, ಮೇಲ್ವಿಚಾರಣೆಗೆ ಒಳಪಟ್ಟವರ ವಿಭಾಗವೆಂಬ ಹೊಸದೊಂದು ವರ್ಗವನ್ನು ನಿರ್ಮಿಸಿತು: ಗೊತ್ತುಪಡಿಸಿದ ಒಂದೇ ಹುದ್ದೆ, ಹೆಚ್ಚೆಂದರೆ ಎರಡು ವರ್ಷ.

ನಾನಾಗ ಮಲೆನಾಡಿನ ಅಂಚಿನ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದೆನು. ವೈದ್ಯ ವ್ಯಾಸಂಗಕ್ಕಾಗಿ ತಂದೆಯವರು ಮಾಡಿದ ಸಾಲ ಇನ್ನೂ ತೀರಿರಲಿಲ್ಲ. ಹೊರದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಕಲಿಯಬೇಕೆಂಬ ಹಂಬಲವೂ ಇತ್ತು. ನಾನು ಬಿಟ್ಟುಬಂದ ಕುರ್ಚಿ ಬಹುಕಾಲ ಬರಿದಾಗಿಯೇ ಇತ್ತೆಂದು ಆಮೇಲೆ ಕೇಳಿದೆ. ಅದರ ಮಾತು ಮುಂದೆ ಬರುತ್ತದೆ.

ನನಗೆ ಗೊತ್ತಾದದ್ದು ದೇಶದ ಪಶ್ಚಿಮ ಭಾಗದ ಒಂದು ಜಿಲ್ಲಾ ಪಟ್ಟಣ. ಅಟ್ಲಾಂಟಿಕ್ ಸಾಗರದ ಮೇಲಿಂದ ಬೀಸಿಬರುವ ಗಾಳಿ ಅಲ್ಲಿ ಮಳೆಯನ್ನು ಅಡ್ಡಡ್ಡಲಾಗಿ ಹೊತ್ತುತರುತ್ತದೆ. ಊರ ಹೊರಗೆ ಸಣ್ಣ ಸಣ್ಣ ಹೊಲಗಳು, ಗಾರೆಯಿಲ್ಲದೆ ಒಟ್ಟಿದ ಕಲ್ಲುಗೋಡೆಗಳು. ಸಂಜೆಯಾದರೆ ಜೌಗುನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆಗಳನ್ನು ಒಲೆಗೆ ಹಾಕಿ ಉರಿಸುವ ಹೊಗೆಯ ಸಿಹಿಗಂಧ ಬೀದಿಗಳಲ್ಲೆಲ್ಲ ಹಬ್ಬುತ್ತಿತ್ತು. 1840ರ ದಶಕದ ಮಹಾಕ್ಷಾಮದಲ್ಲಿ ದಿಕ್ಕಿಲ್ಲದ ಬಡವರನ್ನು ಕೂಡಿಹಾಕುತ್ತಿದ್ದ ಗಂಜಿಮನೆಗಳ ನೆಲದ ಮೇಲೆಯೇ ಆ ದೇಶದ ಎಷ್ಟೋ ಆಸ್ಪತ್ರೆಗಳು ಬೆಳೆದಿವೆ. ಡಬ್ಲಿನ್ನಿನ ಸೇಂಟ್ ಜೇಮ್ಸ್ ಆಸ್ಪತ್ರೆ, ಕಾರ್ಕ್ ನಗರದ ಸೇಂಟ್ ಫಿನ್‌ಬಾರ್ಸ್ ಆಸ್ಪತ್ರೆ ಎರಡಕ್ಕೂ ಅದೇ ಪೂರ್ವವೃತ್ತಾಂತ. ಜನ ಮಾತ್ರ ಅಪಾರ ಸೌಜನ್ಯವುಳ್ಳವರು. ಎದೆನೋವಿನಿಂದ ಬೆವರುತ್ತಿದ್ದ ಮುದುಕ ರೈತನೊಬ್ಬನು ನಡುರಾತ್ರಿ ನನ್ನನ್ನು ಕಂಡೊಡನೆ, ‘ಇಷ್ಟು ಹೊತ್ತಿನಲ್ಲಿ ತಮಗೆ ತೊಂದರೆ ಕೊಟ್ಟೆ ಡಾಕ್ಟರ್, ಕ್ಷಮಿಸಬೇಕು’ ಎಂದು ಮೊದಲು ಹೇಳಿ, ತನ್ನ ನೋವಿನ ಮಾತನ್ನು ಆಮೇಲೆ ತೆಗೆದನು. ಇಂಥವರನ್ನು ನೋಡಿಕೊಳ್ಳುವುದಕ್ಕಾಗಿ ನಿದ್ರೆಗೆಟ್ಟರೆ ಅದರಲ್ಲಿ ನಷ್ಟವೇನೂ ಇಲ್ಲವೆಂದೇ ಮೊದಲ ತಿಂಗಳುಗಳಲ್ಲಿ ನನಗೆ ತೋರುತ್ತಿತ್ತು.

ಆ ರಾತ್ರಿಗಳ ಸ್ವರೂಪವನ್ನು ತುಸು ವಿವರವಾಗಿಯೇ ಹೇಳಬೇಕು. ಏಕೆಂದರೆ ಕಿರಿಯ ವೈದ್ಯರ ದುಡಿಮೆ ಕಠಿನವೆಂದು ಹೊರಗಿನವರು ಒಪ್ಪುತ್ತಾರಾದರೂ, ಆ ಕಾಠಿನ್ಯವು ಯಾವುದರಿಂದ ಆದದ್ದೆಂಬುದು ಅವರಿಗೆ ತಿಳಿಯದು. ಬೆಳಗ್ಗೆ ಎಂಟು ಗಂಟೆಗೆ ವಾರ್ಡಿಗೆ ಬಂದವನು ದಿನದ ಕೆಲಸವನ್ನು ಮುಗಿಸಿ, ಸಂಜೆ ಐದಕ್ಕೆ ಇತರರು ಮನೆಗೆ ಹೊರಟಾಗ ಬ್ಲೀಪ್ ಎಂಬ ಕರೆಯಂತ್ರವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ರಾತ್ರಿಯ ಹೊಣೆಗೆ ನಿಲ್ಲುವನು. ಮರುದಿನ ಬೆಳಗ್ಗೆ, ರಾತ್ರಿ ದಾಖಲಾದ ರೋಗಿಗಳನ್ನೆಲ್ಲ ಕನ್ಸಲ್ಟಂಟರೆಂಬ ಹಿರಿಯ ತಜ್ಞರಿಗೆ ಒಬ್ಬೊಬ್ಬರಾಗಿ ಒಪ್ಪಿಸಿ, ಅವರು ಹೇಳಿದ ಪರೀಕ್ಷೆಗಳಿಗೆ ಏರ್ಪಾಡು ಮಾಡಿ, ಬಿಡುಗಡೆಯ ಪತ್ರಗಳನ್ನು ಬರೆದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ದಾಟುವುದು. ಎಷ್ಟೋ ವೇಳೆ ಸಂಜೆಯೇ ಆಗುವುದು. ಶನಿವಾರ ಬೆಳಗ್ಗೆ ಒಳಹೊಕ್ಕವನು ಸೋಮವಾರ ಹೊರಬಂದ ನಿದರ್ಶನಗಳೂ ಇದ್ದುವು. ನಡುವೆ ಒರಗುವುದಕ್ಕೆ ವೈದ್ಯರ ವಸತಿಯಲ್ಲಿ ಕಿರುಮಂಚವೊಂದಿತ್ತು. ಅದರ ಮೇಲೆ ಮೈಚಾಚಿ ಕಣ್ಣುಮುಚ್ಚಿದೊಡನೆಯೇ ಬ್ಲೀಪ್ ಕೂಗುತ್ತಿತ್ತು.

ಕೂಗುತ್ತಿದ್ದುದು ಯಾತಕ್ಕೆ? ಪ್ರಾಣಾಪಾಯದ ಕರೆಗಳೂ ಇದ್ದುವು, ನಿಜ. ಆದರೆ ಬಹುಪಾಲು ಕರೆಗಳು, ನರಕ್ಕೆ ಸಿಕ್ಕಿಸಿದ ಕ್ಯಾನ್ಯುಲಾ ಎಂಬ ಕೊಳವೆ ಕಳಚಿದೆ, ಬಂದು ಹೊಸದನ್ನು ಹಾಕಿ; ಆಂಟಿಬಯಾಟಿಕ್ಕಿನ ಮೊದಲ ಸರದಿಯನ್ನು ನರಕ್ಕೆ ಕೊಡಬೇಕಾದವರು ವೈದ್ಯರೇ, ಬನ್ನಿ; ರಕ್ತ ತೆಗೆಯುವವರು ಇಂದು ರಜ, ಬನ್ನಿ, ಎಂಬವೇ ಆಗಿದ್ದುವು. ಅನೇಕ ದೇಶಗಳಲ್ಲಿ ದಾದಿಯರೂ ತಂತ್ರಜ್ಞರೂ ಮಾಡುವ ಈ ಕೆಲಸಗಳನ್ನು ಐರ್ಲೆಂಡಿನಲ್ಲಿ ಇಂಟರ್ನ್ ವೈದ್ಯನ ಪಾಲಿಗೆ ಬಿಟ್ಟಿದ್ದರು. 2016ರ ಸುಮಾರಿಗಷ್ಟೇ ಇವುಗಳನ್ನು ದಾದಿಯರಿಗೂ ಹಂಚುವ ಒಡಂಬಡಿಕೆಯಾಯಿತು. ಕೆಳಗೆ ತುರ್ತುಚಿಕಿತ್ಸೆಯ ವಿಭಾಗದಲ್ಲಿ, ಹಾಸಿಗೆ ದೊರೆಯದ ರೋಗಿಗಳು ಗಾಲಿಮಂಚಗಳ ಮೇಲೆ ಓಣಿಯುದ್ದಕ್ಕೂ ಸಾಲಾಗಿ ಮಲಗಿರುತ್ತಿದ್ದರು. 2006ರಲ್ಲಿಯೇ ಆಗಿನ ಆರೋಗ್ಯ ಸಚಿವೆ ಮೇರಿ ಹಾರ್ನಿ ಈ ಗಾಲಿಮಂಚಗಳ ಸ್ಥಿತಿಯನ್ನು ರಾಷ್ಟ್ರೀಯ ತುರ್ತುಪರಿಸ್ಥಿತಿಯೆಂದು ಸಾರಿದ್ದರು. ನಾನು ಹೋಗುವ ಹೊತ್ತಿಗೆ ಅದು ನಿತ್ಯದ ನೋಟವಾಗಿತ್ತು. ಎಂಬತ್ತು ದಾಟಿದ ಅಜ್ಜಿಯೊಬ್ಬರು, ತಲೆಯ ಮೇಲೆ ನೇರವಾಗಿ ಉರಿಯುತ್ತಿದ್ದ ಟ್ಯೂಬ್ ದೀಪದಡಿಯಲ್ಲಿ, ತಮ್ಮ ಚೀಲವನ್ನು ಎದೆಗವಚಿಕೊಂಡು ಎರಡು ರಾತ್ರಿ ಮಲಗಿದ್ದುದನ್ನು ನಾನು ಕಂಡಿದ್ದೇನೆ. ಆ ಓಣಿಯಲ್ಲಿ ರೋಗಿಯೊಡನೆ ಗುಟ್ಟಾಗಿ ಮಾತನಾಡುವುದು ಸಾಧ್ಯವಿರಲಿಲ್ಲ. ಹೊಟ್ಟೆ ಮುಟ್ಟಿ ಪರೀಕ್ಷಿಸಬೇಕಾದರೆ ದಾದಿ ಹೊದಿಕೆಯನ್ನು ಮರೆಯಾಗಿ ಹಿಡಿದು ನಿಲ್ಲಬೇಕಾಗಿತ್ತು. ನಸುಕಿನಲ್ಲಿ ಆ ದಾದಿಯರೇ ತಮ್ಮ ಕೋಣೆಗೆ ಕರೆದು ಚಹವನ್ನೂ ಬೆಣ್ಣೆ ಸವರಿದ ಟೋಸ್ಟನ್ನೂ ಕೊಟ್ಟು, ‘ಕುಳಿತೇ ತಿನ್ನಬೇಕು, ನಿಂತಲ್ಲ’ ಎಂದು ಗದರಿಸುತ್ತಿದ್ದರು. ಆ ಟೋಸ್ಟಿನ ರುಚಿಯನ್ನು ನಾನು ಇಂದಿಗೂ ಮರೆತಿಲ್ಲ.

ಇದೆಲ್ಲವೂ ಕಾನೂನಿಗೆ ವಿರುದ್ಧವಾಗಿತ್ತೆಂಬುದು ನನಗೆ ತಡವಾಗಿ ತಿಳಿಯಿತು. ಯೂರೋಪಿನ ಒಕ್ಕೂಟದ ಕೆಲಸದ ಅವಧಿಯ ನಿಯಮವು ತರಬೇತಿಯಲ್ಲಿರುವ ವೈದ್ಯರಿಗೂ 2004ರಿಂದ ಹಂತಹಂತವಾಗಿ ಅನ್ವಯವಾಗಿ, 2009ರ ಆಗಸ್ಟ್ ವೇಳೆಗೆ ವಾರಕ್ಕೆ ಸರಾಸರಿ 48 ಗಂಟೆಗಳನ್ನು ಮೀರಕೂಡದೆಂದು ವಿಧಿಸಿತ್ತು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹನ್ನೊಂದು ಗಂಟೆಗಳ ವಿರಾಮವಿರಬೇಕೆಂಬುದೂ ಅದರ ಆಶಯ. ನಿದ್ರೆಯ ವಿಷಯದಲ್ಲಿ ಶಾಸ್ತ್ರದ ಮಾತೂ ಸ್ಪಷ್ಟವಾಗಿಯೇ ಇತ್ತು: ಹದಿನೇಳು ಗಂಟೆಗಳ ಕಾಲ ಎಚ್ಚರವಿದ್ದವನ ಕೈಕಣ್ಣುಗಳ ಹೊಂದಾಣಿಕೆಯು ರಕ್ತದಲ್ಲಿ 0.05 ಶೇಕಡಾ ಮದ್ಯವಿರುವವನಷ್ಟಕ್ಕೆ ಇಳಿಯುತ್ತದೆಂದೂ, ಇಪ್ಪತ್ತನಾಲ್ಕು ಗಂಟೆಗಳಾದರೆ ಅದು ಸುಮಾರು 0.10 ಶೇಕಡಾ ಮದ್ಯಕ್ಕೆ ಸಮನೆಂದೂ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು 1997ರಲ್ಲಿಯೇ ತೋರಿಸಿದ್ದರು. ನಾನು ಅಲ್ಲಿಗೆ ಹೋದ ವರ್ಷವೇ ಐರ್ಲೆಂಡ್ ವಾಹನ ಚಾಲಕರಿಗೆ ಮದ್ಯದ ಮಿತಿಯನ್ನು 0.05ಕ್ಕೆ ಇಳಿಸಿತು. ಯಾವ ಸ್ಥಿತಿಯಲ್ಲಿ ಕಾರಿನ ಚಕ್ರವನ್ನು ಹಿಡಿಯುವುದು ಅಪರಾಧವೆಂದು ರಾಜ್ಯವು ತಿಳಿಯಿತೋ, ಅದಕ್ಕಿಂತ ಹೀನವಾದ ಸ್ಥಿತಿಯಲ್ಲಿ ಇನ್ಸುಲಿನ್ನಿನ ಪ್ರಮಾಣವನ್ನು ಬರೆಯಬೇಕೆಂದು ಅದೇ ರಾಜ್ಯವು ನಮಗೆ ವಿಧಿಸುತ್ತಿತ್ತು.

ಇಲ್ಲಿ ನನ್ನ ನಾಡಿನ ಮಾತನ್ನೂ ಮರೆಮಾಚಬಾರದು. ಮೂವತ್ತಾರು ಗಂಟೆಗಳ ಪಾಳಿ ನನಗೆ ಹೊಸದಾಗಿರಲಿಲ್ಲ. ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ನಿದ್ರೆ ಊಟ ಸ್ನಾನಗಳನ್ನು ತೊರೆದು ವಾರ್ಡಿನಲ್ಲಿಯೇ ವಾಸಿಸುವುದು ವಿದ್ಯೆಗೆ ಸಲ್ಲಿಸುವ ಗುರುದಕ್ಷಿಣೆಯೆಂದೇ ನಾವೆಲ್ಲ ಬೆಳೆದವರು. ವಾರಕ್ಕೆ 48 ಗಂಟೆಗಳನ್ನು ಮೀರದಂತೆ ದುಡಿಸಬೇಕೆಂಬ ಕೇಂದ್ರ ಸರ್ಕಾರದ 1992ರ ಆದೇಶವನ್ನು ನಾನಂತೂ ಓದುವ ದಿನಗಳಲ್ಲಿ ಯಾರ ಬಾಯಿಂದಲೂ ಕೇಳಿದ್ದಿಲ್ಲ. ಆದಕಾರಣ ಐರ್ಲೆಂಡಿನ ರಾತ್ರಿಗಳು ನನ್ನನ್ನು ದಣಿಸಿದುವೇ ಹೊರತು ಆಶ್ಚರ್ಯಪಡಿಸಲಿಲ್ಲ. ಆಶ್ಚರ್ಯವಾದದ್ದು, ನನ್ನ ಸಂಗಡ ದುಡಿಯುತ್ತಿದ್ದ ಐರಿಷ್ ತರುಣ ತರುಣಿಯರು ಇದನ್ನು ಅನ್ಯಾಯವೆಂದು ಕರೆದು ಕೋಪಗೊಂಡದ್ದು. ಸಹನೆಯೇ ವೈದ್ಯನ ಭೂಷಣವೆಂದು ನಂಬಿ ಬಂದವನಿಗೆ, ಆ ಕೋಪದಲ್ಲಿ ರೋಗಿಯ ಮೇಲಿನ ಕಾಳಜಿಯೇ ಅಡಗಿತ್ತೆಂಬುದು ಕ್ರಮೇಣ ಗೋಚರಿಸಿತು.

ಅವರಲ್ಲಿ ಒಬ್ಬಾಕೆಯನ್ನು ಕುರಿತು ಹೇಳಬೇಕು. ರಾಸ್ಕಾಮನ್ ಪ್ರಾಂತದ ದನಸಾಕುವ ರೈತನ ಮಗಳು. ನನಗಿಂತ ಕೆಲವು ವರ್ಷ ಚಿಕ್ಕವಳು. ಕೆಲಸದಲ್ಲಿ ನನಗಿಂತ ಚುರುಕು. ಮಂದ ಬೆಳಕಿನಲ್ಲಿಯೂ ಮುದುಕರ ಬತ್ತಿದ ನರವನ್ನು ಬೆರಳ ತುದಿಯಿಂದಲೇ ಹುಡುಕಿ ಸೂಜಿ ಏರಿಸುವ ವಿದ್ಯೆಯನ್ನು ನನಗೆ ಕಲಿಸಿದವಳು ಅವಳೇ. ಆರು ತಿಂಗಳಿಗೊಮ್ಮೆ ಅವಳಿಗೆ ಊರು ಬದಲಾಗುತ್ತಿತ್ತು. ಪ್ರತಿಸಲವೂ ಹೊಸ ಬಾಡಿಗೆಯ ಮನೆ, ಹೊಸ ಮುಂಗಡ. ಪ್ರತಿ ಆಸ್ಪತ್ರೆಯೂ ಹೊಸ ಯಜಮಾನನೆಂದು ಲೆಕ್ಕವಾಗಿ, ತೆರಿಗೆಯ ಇಲಾಖೆಯು ಅವಳನ್ನು ತುರ್ತು ತೆರಿಗೆಯ ಪಟ್ಟಿಗೆ ಸೇರಿಸಿ ಮೊದಲ ಸಂಬಳದ ಬಹುಭಾಗವನ್ನು ಹಿಡಿದುಕೊಳ್ಳುತ್ತಿತ್ತು. ಹಿಂದಕ್ಕೆ ಪಡೆಯಲು ತಿಂಗಳುಗಟ್ಟಲೆ ಪತ್ರವ್ಯವಹಾರ. ದುಡಿದ ಹೆಚ್ಚುವರಿ ಗಂಟೆಗಳನ್ನು ಹಾಳೆಯಲ್ಲಿ ಬರೆದುಕೊಟ್ಟರೆ, ಮೊದಲೇ ಅನುಮತಿ ಪಡೆದಿಲ್ಲವೆಂದು ಆಡಳಿತದವರು ಅಡ್ಡಗೆರೆ ಎಳೆದು ಹಿಂದಿರುಗಿಸುತ್ತಿದ್ದರು. ಕೆಲಸದ ಪಟ್ಟಿ ಕೈಸೇರುತ್ತಿದ್ದುದು ಆ ತಿಂಗಳು ಮೊದಲಾಗುವ ಒಂದೆರಡು ದಿನಗಳ ಮುಂಚೆ. ತಂಗಿಯ ಮದುವೆಗೆ ರಜೆ ಸಿಗುವುದೋ ಇಲ್ಲವೋ ಎಂಬುದು ಮದುವೆಯ ಹಿಂದಿನ ವಾರದವರೆಗೂ ಅವಳಿಗೆ ತಿಳಿಯಲಿಲ್ಲ. ಕೈಹಿಡಿಯಬೇಕಾದವನೂ ವೈದ್ಯನೇ, ಅವನು ದೇಶದ ಉತ್ತರದ ಅಂಚಿನ ಲೆಟರ್‌ಕೆನ್ನಿಯಲ್ಲಿ, ಇವಳು ಇಲ್ಲಿ. ‘ಕೆಲಸ ಹೆಚ್ಚೆಂದು ನಾನು ದೂರುವುದಿಲ್ಲ. ನನ್ನ ಬದುಕನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲವೆಂಬುದು ನನ್ನನ್ನು ಮುರಿಯುತ್ತದೆ’ ಎಂದು ಒಮ್ಮೆ ನನ್ನೊಡನೆ ಹೇಳಿದಳು.

ನಮ್ಮ ಘಟಕದ ಹಿರಿಯ ವೈದ್ಯರು ದೇವರಂಥ ಮನುಷ್ಯರು. ಮುಂಜಾನೆ ಏಳಕ್ಕೇ ಬಂದು, ಪ್ರತಿಯೊಬ್ಬ ರೋಗಿಯ ಹಾಸಿಗೆಯ ಅಂಚಿನಲ್ಲಿ ಕುಳಿತು, ಅವರ ಊರು, ಹೊಲ, ಮಕ್ಕಳನ್ನೆಲ್ಲ ವಿಚಾರಿಸಿ, ಆ ಮಾತಿನೊಳಗಿಂದಲೇ ರೋಗದ ಮೂಲವನ್ನು ಹೊರತೆಗೆಯುತ್ತಿದ್ದರು. ನಾನು ಇಂದು ರೋಗಿಯ ಮಾತನ್ನು ತಡೆಯದೆ ಕೇಳುವವನಾಗಿದ್ದರೆ ಅದು ಅವರಿಂದ ಬಂದುದು. ಮೊದಲ ಕ್ರಿಸ್ಮಸ್ಸಿಗೆ ತಮ್ಮ ಮನೆಗೆ ಕರೆದು, ಮಾಂಸ ತಿನ್ನದ ನನಗಾಗಿ ಅವರ ಪತ್ನಿ ಬೇರೆಯೇ ಅಡಿಗೆ ಮಾಡಿದ್ದರು. ಕಿರಿಯರ ದಣಿವಿನ ಮಾತು ಬಂದಾಗ ಮಾತ್ರ ಆ ಮಹನೀಯರು, ‘ನಮ್ಮ ಕಾಲದಲ್ಲಿ ವಾರಕ್ಕೆ ನೂರು ಗಂಟೆ ದುಡಿದೆವು, ಅದರಿಂದಲೇ ಕಲಿತೆವು’ ಎಂದು ಮೃದುವಾಗಿ ಹೇಳಿ ಮಾತನ್ನು ಬೇರೆಡೆಗೆ ತಿರುಗಿಸುತ್ತಿದ್ದರು. ಆಗ ಅದು ನನಗೆ ವೀರರ ಮಾತಾಗಿ ಕೇಳಿಸುತ್ತಿತ್ತು. ಈಗ ಅದೇ ವಯಸ್ಸನ್ನು ಸಮೀಪಿಸಿ, ನನ್ನ ಕೆಳಗೂ ಕಿರಿಯರಿರುವ ಹೊತ್ತಿನಲ್ಲಿ ವಿಚಾರಮಾಡಿ ನೋಡಿದರೆ, ಅವರ ಮಾತನ್ನು ನಾನು ಒಪ್ಪಲಾರೆ. ಅವರ ಯೌವನದಲ್ಲಿ ಹೃದಯಾಘಾತವಾದ ರೋಗಿಯು ವಾರಗಟ್ಟಲೆ ಹಾಸಿಗೆಯಲ್ಲಿ ವಿಶ್ರಮಿಸುತ್ತಿದ್ದನು. ನಮ್ಮ ಕಾಲದಲ್ಲಿ ಅವನು ನಾಲ್ಕೈದು ದಿನಗಳಲ್ಲಿ ಮನೆಗೆ ಹೋಗುವನು, ಆ ಹಾಸಿಗೆಗೆ ಅವನಿಗಿಂತ ಕಾಯಿಲೆಯಾದ ಮತ್ತೊಬ್ಬನು ಬರುವನು. ಗಂಟೆಯ ಹೆಸರು ಒಂದೇ ಆದರೂ ಒಳಗಿನ ತಿರುಳು ಬೇರೆಯಾಗಿತ್ತು. ಆ ಸಜ್ಜನರು ಆಡಳಿತದವರ ಮೇಜನ್ನು ಒಂದು ಸಲ ಗಟ್ಟಿಯಾಗಿ ಕುಟ್ಟಿದ್ದರೆ ಅವರ ಮಾತನ್ನು ತೆಗೆದುಹಾಕುವ ಧೈರ್ಯ ಆ ಜಿಲ್ಲೆಯಲ್ಲಿ ಯಾರಿಗೂ ಇರಲಿಲ್ಲ. ಅವರು ಕುಟ್ಟಲಿಲ್ಲ. ಅವರ ಕರುಣೆಯೆಲ್ಲ ರೋಗಿಯ ಹಾಸಿಗೆಯವರೆಗೆ ಬಂದು ನಿಂತಿತು; ಹಾಸಿಗೆಯ ಆಚೆ ತೂಕಡಿಸುತ್ತ ನಿಂತಿದ್ದವರನ್ನು ಮುಟ್ಟಲಿಲ್ಲ. ಅವರನ್ನು ಪ್ರೀತಿಸುತ್ತಲೇ ಇದನ್ನು ಬರೆಯುತ್ತಿದ್ದೇನೆ.

2012ರ ಅಕ್ಟೋಬರಿನಲ್ಲಿ ಗಾಲ್ವೇ ನಗರದಲ್ಲಿ ನಮ್ಮ ಬೆಳಗಾವಿಯ ಮಗಳು, ದಂತವೈದ್ಯೆ ಸವಿತಾ ಹಾಲಪ್ಪನವರ, ಗರ್ಭಸ್ರಾವದ ವೇಳೆ ರಕ್ತಕ್ಕೆ ನಂಜೇರಿ ತೀರಿಕೊಂಡರು. ಭ್ರೂಣದ ಹೃದಯ ಮಿಡಿಯುತ್ತಿರುವವರೆಗೆ ಗರ್ಭವನ್ನು ತೆಗೆಯಲಾಗದೆಂದು ಹೇಳಿದ ಕಾನೂನಿನ ಸ್ಥಿತಿಯು ದೇಶವನ್ನೆಲ್ಲ ಕಲಕಿ, ಕೊನೆಗೆ 2018ರ ಮೇ 25ರ ಜನಮತದಲ್ಲಿ ಬದಲಾಯಿತು. ಅದು ಲೋಕಕ್ಕೆಲ್ಲ ತಿಳಿದ ಚರಿತ್ರೆ. ನನ್ನ ಮುಖವನ್ನೂ ಹೆಸರನ್ನೂ ಕಂಡು, ಆ ದಿನಗಳಲ್ಲಿ ಎಷ್ಟೋ ರೋಗಿಗಳು ನನ್ನ ಕೈ ಹಿಡಿದು, ‘ನಿಮ್ಮ ಊರಿನ ಹುಡುಗಿಯ ವಿಷಯದಲ್ಲಿ ನಮಗೆ ನಾಚಿಕೆಯಾಗಿದೆ’ ಎಂದರು. ಆದರೆ ಅಧಿಕೃತ ತನಿಖೆಗಳು ಕಾನೂನಿನ ಮಾತಿನ ಜೊತೆಗೆ ಇನ್ನೊಂದನ್ನೂ ಹೇಳಿದುವು: ನಾಡಿ, ಉಷ್ಣತೆ, ರಕ್ತದೊತ್ತಡಗಳನ್ನು ಕ್ರಮವಾಗಿ ಗಮನಿಸಲಿಲ್ಲ, ಒಂದು ಪಾಳಿಯವರು ತಿಳಿದುದು ಮತ್ತೊಂದು ಪಾಳಿಯವರಿಗೆ ಸರಿಯಾಗಿ ದಾಟಲಿಲ್ಲ. ದಣಿವೇ ಆಕೆಯನ್ನು ಕೊಂದಿತೆಂದು ಯಾರೂ ಹೇಳಿಲ್ಲ, ನಾನೂ ಹೇಳಲಾರೆ. ಆದರೂ ಆ ವರದಿಯನ್ನು ನಮ್ಮ ವಸತಿಯ ಕೋಣೆಯಲ್ಲಿ ಕುಳಿತು ಓದಿದ ನಾವೆಲ್ಲರೂ, ಬೆಳಗಿನ ಜಾವ ನಾವು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದ ರೋಗಿಗಳ ಪಟ್ಟಿಯನ್ನು ನೆನೆದು ಬಹಳ ಹೊತ್ತು ಮಾತನಾಡಲಿಲ್ಲ.

2013ರ ಅಕ್ಟೋಬರ್ 8ರ ಮಂಗಳವಾರ ಐರ್ಲೆಂಡಿನ ಕಿರಿಯ ವೈದ್ಯರು ಒಂದು ದಿನದ ಮುಷ್ಕರ ಹೂಡಿದರು. ಐರಿಷ್ ಮೆಡಿಕಲ್ ಆರ್ಗನೈಸೇಷನ್ ಎಂಬ ಅವರ ಸಂಘದ ಬೇಡಿಕೆಯು ಇಪ್ಪತ್ತನಾಲ್ಕು ಗಂಟೆಗಳನ್ನು ಮೀರಿದ ಪಾಳಿ ಬೇಡವೆಂಬುದಷ್ಟೇ. ಲೋಕದ ಯಾವ ಕೂಲಿಕಾರನೂ ಬೇಡಲು ಸಂಕೋಚಪಡುವಷ್ಟು ಅಲ್ಪವಾದ ಬೇಡಿಕೆಯದು. ತುರ್ತಿನ ರೋಗಿಗಳಿಗೆ ಅಡಚಣೆಯಾಗದಂತೆ ಕೆಲವರು ಒಳಗುಳಿದು, ಉಳಿದವರು ಗೇಟಿನ ಬಳಿ ಫಲಕಗಳನ್ನು ಹಿಡಿದು ನಿಂತರು. ಹೊರದೇಶದವರಾದ ನಮ್ಮಲ್ಲಿ ಹಲವರಿಗೆ, ವೀಸಾಕ್ಕೂ ಮುಂದಿನ ಕರಾರಿಗೂ ಕುತ್ತು ಬಂದೀತೆಂಬ ಭಯವಿತ್ತು. ಕರಾಚಿಯಿಂದ ಬಂದಿದ್ದ ಗೆಳೆಯನೂ ನಾನೂ ಬಹಳ ಚರ್ಚಿಸಿ, ಕೊನೆಗೆ ಹೋಗಿ ನಿಂತೆವು. ದಾದಿಯರು ಒಳಗಿನಿಂದ ಚಹ ತಂದುಕೊಟ್ಟರು. ಹಾದುಹೋಗುವ ಕಾರುಗಳವರು ಹಾರ್ನ್ ಬಾರಿಸಿ ಹರಸಿದರು. ಮುಷ್ಕರದ ನಂತರದ ಸಂಧಾನಗಳಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಮಿತಿಯನ್ನು ಆಡಳಿತದವರು ಒಪ್ಪಿಕೊಂಡರು. ನಮ್ಮ ಆಸ್ಪತ್ರೆಯಲ್ಲಿಯೂ ರಾತ್ರಿಪಾಳಿ ಮುಗಿದವರನ್ನು ಬೆಳಗ್ಗೆ ಮನೆಗೆ ಕಳುಹಿಸುವ ಕ್ರಮ ನಿಧಾನವಾಗಿ ಆರಂಭವಾಯಿತು. ಕೇಳಿದರೆ ದೊರೆಯುತ್ತದೆಂಬುದನ್ನು ನಾನು ಕಣ್ಣಾರೆ ಕಂಡದ್ದು ಆಗ.

ಆದರೆ ಆ ಹೊತ್ತಿಗೆ ರಾಸ್ಕಾಮನ್ನಿನ ಆಕೆ ನಿಶ್ಚಯಿಸಿಯಾಗಿತ್ತು. ಅದಕ್ಕೆ ಹಿಂದಿನ ವರ್ಷ, 2012ರ ಅಕ್ಟೋಬರಿನಿಂದ, ಹೊಸದಾಗಿ ನೇಮಕವಾಗುವ ಕನ್ಸಲ್ಟಂಟರ ಸಂಬಳವನ್ನು ಆರೋಗ್ಯ ಸಚಿವ ಜೇಮ್ಸ್ ರೈಲಿ ಶೇಕಡಾ 30ರಷ್ಟು ಇಳಿಸಿದ್ದರು. ಹತ್ತು ವರ್ಷಗಳ ತರುವಾಯ ತಾನು ತಲುಪಬೇಕಾದ ಸ್ಥಾನದಲ್ಲಿ, ಇಂದು ಪಕ್ಕದಲ್ಲಿ ನಿಂತವರು ಪಡೆಯುವುದಕ್ಕಿಂತ ಬಹಳ ಕಡಿಮೆ ಪಡೆದು ಅದೇ ಕೆಲಸವನ್ನು ಮಾಡಬೇಕೆಂಬುದು ಹಣದ ಮಾತಿಗಿಂತ ಹೆಚ್ಚಾಗಿ ಅವಮಾನದ ಮಾತಾಗಿ ಆ ತಲೆಮಾರಿಗೆ ತಾಗಿತು. ಅವಳ ತಂದೆತಾಯಿಗಳು ಕರೆದ ಬೀಳ್ಕೊಡುಗೆಗೆ ನಾನೂ ಹೋಗಿದ್ದೆನು. ಹಿಂದೆ ಅಮೆರಿಕಕ್ಕೆ ಹಡಗು ಹತ್ತುವವರ ಮನೆಯಲ್ಲಿ, ಹೊರಡುವ ಹಿಂದಿನ ರಾತ್ರಿ, ಸತ್ತವರಿಗೆ ಜಾಗರಣೆ ಮಾಡುವಂತೆ ನೆರೆಹೊರೆಯವರೆಲ್ಲ ಸೇರಿ ಬೆಳಗಿನವರೆಗೂ ಹಾಡಿ ಅತ್ತು ಕಳುಹಿಸುವ ಪದ್ಧತಿ ಆ ನಾಡಿನಲ್ಲಿತ್ತಂತೆ. ಹೋದವರು ಮರಳುವುದು ಆಗ ವಿರಳ. ಅವಳ ಅಜ್ಜಿ ಅದನ್ನು ತನ್ನ ಹಿರಿಯರ ಬಾಯಿಂದ ಕೇಳಿ ಬಲ್ಲವರು. ‘ಅಂದು ಹೋದವರು ಹೊಟ್ಟೆಗಿಲ್ಲದೆ ಹೋದರು. ಇವಳನ್ನು ಈ ದೇಶ ಓದಿಸಿ, ಆಮೇಲೆ ದಣಿಸಿ ಓಡಿಸುತ್ತಿದೆ’ ಎಂದು ಆ ಮುದುಕಿ ನನ್ನ ಕಡೆಗೆ ತಿರುಗಿ ಹೇಳಿದರು. ಮದುವೆಯಾಗಿ ಇಬ್ಬರೂ ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರಕ್ಕೆ ಹೋದರು. ಒಂದು ವರ್ಷಕ್ಕೆಂದು ಹೋದವರು.

ಅವಳಂತೆ ಹೋದವರ ಸ್ಥಾನಗಳಲ್ಲಿ ನಾವು ನಿಂತೆವು. ಸೂಡಾನಿನವರು, ಪಾಕಿಸ್ತಾನದವರು, ನೈಜೀರಿಯದವರು, ಭಾರತದವರು. ಸಣ್ಣ ಪಟ್ಟಣಗಳ ಆಸ್ಪತ್ರೆಗಳಲ್ಲಿ ರಾತ್ರಿಯ ರಿಜಿಸ್ಟ್ರಾರ್ ದರ್ಜೆಯ ವೈದ್ಯನು ಐರಿಷ್‌ನವನಾಗಿದ್ದರೆ ಅದೇ ವಿಶೇಷವೆನ್ನುವಂತಾಗಿತ್ತು. ಜನಸಂಖ್ಯೆಗೆ ಹೋಲಿಸಿದರೆ ಐರ್ಲೆಂಡಿನಷ್ಟು ವೈದ್ಯ ಪದವೀಧರರನ್ನು ಹೊರತರುವ ದೇಶಗಳು ಸಿರಿವಂತ ರಾಷ್ಟ್ರಗಳಲ್ಲಿಯೂ ಹೆಚ್ಚಿಲ್ಲ. ಹಾಗಿದ್ದೂ ಅಲ್ಲಿಯ ವೈದ್ಯರಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿದವರು ಬೇರೆ ದೇಶದಲ್ಲಿ ಕಲಿತವರು. ನಮಗೆ ಕೊಟ್ಟ ಹುದ್ದೆಗಳು ಬಹುಮಟ್ಟಿಗೆ ತರಬೇತಿಯ ಹೊರಗಿನವು. ತಜ್ಞತೆಗೆ ಒಯ್ಯುವ ತರಬೇತಿಯ ಸ್ಥಾನಗಳಲ್ಲಿ ಯೂರೋಪಿನ ಪ್ರಜೆಗಳಿಗೆ ಪ್ರಾಶಸ್ತ್ಯವಿದ್ದುದರಿಂದ, ಅದೇ ರೋಗಿಯನ್ನು ಅದೇ ರಾತ್ರಿ ನೋಡಿದ ಇಬ್ಬರಲ್ಲಿ ಒಬ್ಬನ ಶ್ರಮ ಮುಂದಿನ ಮೆಟ್ಟಿಲಾಗುತ್ತಿತ್ತು, ಮತ್ತೊಬ್ಬನದು ಬರಿಯ ರಾತ್ರಿಯಾಗಿ ಉಳಿಯುತ್ತಿತ್ತು. ಕರಾಚಿಯ ಗೆಳೆಯನು ಹೀಗೆಯೇ ಕರಾರಿನಿಂದ ಕರಾರಿಗೆ ಅಲೆದಲೆದು, ಕೊನೆಗೆ ಇಂಗ್ಲೆಂಡಿಗೆ ಹೊರಟುಹೋದನು.

ನಾವು ಅಲ್ಲಿಯ ರೋಗಿಗಳಿಗೆ ನೆರವಾದೆವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಬಹಳ ವರ್ಷ ಯೋಚಿಸಿದ ಮೇಲೆ ನನಗೆ ತೋರುವುದೇನೆಂದರೆ, ನಮ್ಮ ಬರವೇ ಆ ಆಸ್ಪತ್ರೆಗಳ ದುರಸ್ತಿಯನ್ನು ಮುಂದೂಡುವುದಕ್ಕೆ ನೆರವಾಯಿತು. ಸೋರುವ ಸೂರಿನಡಿಯಲ್ಲಿ ಪಾತ್ರೆಗಳನ್ನು ಇಟ್ಟಂತೆ ನಮ್ಮನ್ನು ಇಟ್ಟರು. ಒಂದು ತುಂಬಿದರೆ ಮತ್ತೊಂದು. ಹಂಚು ಹೊದಿಸುವ ಮಾತನ್ನು ಯಾ‍ರೂ ಎತ್ತಬೇಕಾಗಲಿಲ್ಲ. ಪ್ರತಿ ಜುಲೈಯಲ್ಲಿಯೂ ಸ್ಥಾನಗಳು ಹೇಗೋ ಭರ್ತಿಯಾಗುತ್ತಿದ್ದುದರಿಂದ, ಅವು ಏಕೆ ತೆರವಾಗುತ್ತಿವೆಯೆಂದು ಕೇಳುವ ಜರೂರು ಆಡಳಿತಕ್ಕೆ ಬರಲಿಲ್ಲ. ಇತ್ತ ನನ್ನ ತಾಲ್ಲೂಕು ಆಸ್ಪತ್ರೆಯಲ್ಲಿ, ಹಾವು ಕಚ್ಚಿದವನನ್ನು ಜಿಲ್ಲಾ ಕೇಂದ್ರಕ್ಕೆ ಸಾಗಿಸುವುದಕ್ಕೆ ಮೊದಲು ನೋಡಲೊಬ್ಬ ಫಿಸಿಷಿಯನ್ ಇರಲಿಲ್ಲ. ಸಿರಿವಂತ ದೇಶಗಳು ಬಡ ದೇಶಗಳಿಂದ ವೈದ್ಯರನ್ನು ಸೆಳೆಯುವಾಗ ಪಾಲಿಸಬೇಕಾದ ನೀತಿಸಂಹಿತೆಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆಯು 2010ರಲ್ಲಿಯೇ ಅಂಗೀಕರಿಸಿದೆ. ತಮಗೆ ಬೇಕಾದವರನ್ನು ತಾವೇ ತಯಾರಿಸಿ ಉಳಿಸಿಕೊಳ್ಳಬೇಕೆಂಬುದು ಅದರ ಸಾರ. ಮಲೆನಾಡಿನ ಅಂಚಿನಿಂದ ಐರ್ಲೆಂಡಿಗೆ, ಐರ್ಲೆಂಡಿನಿಂದ ಪರ್ತ್‌ಗೆ ಸಾಗಿದ ಸರಣಿಯಲ್ಲಿ ಕಟ್ಟಕಡೆಗೆ ಖಾಲಿಯಾಗಿ ಉಳಿದದ್ದು ಅತ್ಯಂತ ಬಡವರ ಕುರ್ಚಿ.

ನಾನು ಮರಳಿ ಬಂದು ವರ್ಷಗಳಾದುವು. ಯೂರೋಪಿನ ಆಯೋಗವು ಕೆಲಸದ ಅವಧಿಯ ಉಲ್ಲಂಘನೆಗಾಗಿ ಐರ್ಲೆಂಡಿನ ಮೇಲೆ ಹೂಡಿದ್ದ ದಾವೆಯನ್ನು 2015ರ ಜುಲೈಯಲ್ಲಿ ಯೂರೋಪಿನ ಒಕ್ಕೂಟದ ನ್ಯಾಯಾಲಯವು, ಆರೋಪ ಸಿದ್ಧವಾಗಲಿಲ್ಲವೆಂದು ವಜಾಮಾಡಿತು. 2022ರಲ್ಲಿ ಕಿರಿಯ ವೈದ್ಯರು ಮತ್ತೆ ಹೋರಾಟಕ್ಕೆ ಮತ ಹಾಕಿದರು, ಬೇಡಿಕೆ ಬಹುಮಟ್ಟಿಗೆ ಹಳೆಯದೇ. 2023ರ ಜನವರಿ 3ರ ಬೆಳಗ್ಗೆ ದಾದಿಯರ ಸಂಘವು ಎಣಿಸಿದಾಗ ಹಾಸಿಗೆಯಿಲ್ಲದೆ ಕಾದಿದ್ದವರು 931 ಮಂದಿ. ಆ ವರ್ಷವೇ ಬಂದ ಕನ್ಸಲ್ಟಂಟರ ಹೊಸ ಕರಾರು ಹಳೆಯ ಸಂಬಳದ ಅಂತರವನ್ನು ಮುಚ್ಚಿತು. ತಡವಾದರೂ ಅದು ಒಳ್ಳೆಯ ಕೆಲಸವೇ. ಆದರೆ ಒಂದು ದಶಕದ ತರುಣರು ಅಷ್ಟರಲ್ಲಿ ಬೇರೆಡೆ ಮನೆ ಕೊಂಡು, ಮಕ್ಕಳನ್ನು ಶಾಲೆಗೆ ಸೇರಿಸಿಯಾಗಿತ್ತು.

ರಾಸ್ಕಾಮನ್ನಿನ ಗೆಳತಿಯೊಡನೆ ಈಚೆಗೆ ಫೋನಿನಲ್ಲಿ ಮಾತನಾಡಿದೆ. ಈಗ ಅವಳು ಪರ್ತ್‌ನಲ್ಲಿ ಹಿರಿಯ ವೈದ್ಯೆ. ಮರಳುವ ಯೋಚನೆಯುಂಟೆ ಎಂದು ಕೇಳಿದೆ. ಎರಡು ಸಲ ಅರ್ಜಿಯ ನಮೂನೆಯನ್ನು ತರಿಸಿಕೊಂಡು ಓದಿದಳಂತೆ; ಮಗುವಿಗೆ ಜ್ವರ ಬಂದ ದಿನ ತನ್ನ ಬದಲಿಗೆ ಯಾರು ನಿಲ್ಲುವರೆಂದು ಆಸ್ಪತ್ರೆಗೆ ಪತ್ರ ಬರೆದು ಕೇಳಿದಳಂತೆ; ಉತ್ತರವಾಗಿ ಬಂದದ್ದು ಸಂಬಳದ ಪಟ್ಟಿಯಂತೆ. ಆಮೇಲೆ ತನ್ನ ಈಗಿನ ಘಟಕದ ಮಾತು ತೆಗೆದಳು. ಬೆಳಗ್ಗೆ ಎಂಟಕ್ಕೆ ರಾತ್ರಿಪಾಳಿಯವರು ರೋಗಿಗಳನ್ನು ಒಪ್ಪಿಸಿದೊಡನೆ ಬ್ಲೀಪನ್ನು ಅವರ ಕೈಯಿಂದ ತಾನೇ ಇಸಿದುಕೊಂಡು, ಉಳಿದ ಕೆಲಸವೇನಿದ್ದರೂ ಹಗಲಿನವರು ನೋಡಿಕೊಳ್ಳುವರೆಂದು ಹೇಳಿ, ತೀರ ದಣಿದವರಿಗೆ ಟ್ಯಾಕ್ಸಿ ಕರೆಸಿ ಮನೆಗೆ ಕಳುಹಿಸುತ್ತಾಳೆ. ಕಳೆದ ವರ್ಷ ಬಂದ ಹುಡುಗನೊಬ್ಬನು ಹಾಗೆ ಹೋಗಲು ಒಪ್ಪದೆ, ಇನ್ನೂ ಎರಡು ಪತ್ರ ಬರೆಯುವುದಿದೆ ಎಂದು ಅಂಗಲಾಚುತ್ತ ನಿಂತನಂತೆ. ಎಲ್ಲಿ ಕಲಿತವನೆಂದು ವಿಚಾರಿಸಿದರೆ, ನಾವಿಬ್ಬರೂ ದುಡಿದ ಆಸ್ಪತ್ರೆಯಲ್ಲಿಯೇ ಇಂಟರ್ನ್ ಆಗಿದ್ದವನು.